ರಜೆ ಮುಗಿಸಿ ಬರುವವಳ ಜಾಗ ಅವಳಿಗೇ ಇರಲಿ

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ದೂರು ಕೊಡಿ ಎಂದು ಈಗ ಎಲ್ಲರೂ ಹೇಳುತ್ತೇವೆ. ದೂರು ಕೊಟ್ಟು, ಕೆಲವು ವಾರ ರಜೆಯ ಮೇಲಿದ್ದು, ಮತ್ತೆ ಅದೇ ಗೇಟು ದಾಟಿ ಒಳಗೆ ಬರುವ ಹೆಣ್ಣುಮಗಳನ್ನು ನಾವು ಹೇಗೆ ಕಾಣುತ್ತೇವೆ? ಆ ದಿನದ ಬಗ್ಗೆ, ಅವಳ ಜತೆ ಕೆಲಸ ಮಾಡುವ ನಿಮ್ಮೆಲ್ಲರಲ್ಲಿ ನನ್ನದೊಂದು ವಿನಂತಿ ಇದೆ. ಏಕೆಂದರೆ ಎಷ್ಟೋ ಜನ ಮರಳಿ ಬರುವುದೇ ಇಲ್ಲ. ಬಂದವರಲ್ಲಿಯೂ ಕೆಲವರು ತಿಂಗಳೊಪ್ಪತ್ತಿನಲ್ಲಿ ರಾಜೀನಾಮೆ ಬರೆದುಕೊಡುತ್ತಾರೆ. ಕಾರಣದ ಜಾಗದಲ್ಲಿ 'ವೈಯಕ್ತಿಕ' ಎಂದಿರುತ್ತದೆ.

ದೂರು ಕೊಡುವ ಈ ದಾರಿ ಸುಲಭವಾಗಿ ತೆರೆದದ್ದಲ್ಲ. ರಾಜಸ್ಥಾನದ ಭಂವರಿ ದೇವಿ ಸರಕಾರಿ ಕಾರ್ಯಕ್ರಮವೊಂದರ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೇ ಬಂದ ಆಪತ್ತು ಅದು. ಆ ನೋವಿನ ಬೆನ್ನಿಗೆ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯಾಯಿತು. ಕಾಯ್ದೆಯ 12ನೇ ಕಲಮನ್ನು ದಯವಿಟ್ಟು ಒಮ್ಮೆ ಓದಿ. ವಿಚಾರಣೆ ನಡೆಯುತ್ತಿರುವಾಗ ದೂರುದಾರಳು ಬರೆದು ಕೇಳಿದರೆ, ಮೂರು ತಿಂಗಳವರೆಗೆ ರಜೆ ಕೊಡುವಂತೆ ದೂರನ್ನು ವಿಚಾರಿಸುವ ಸಮಿತಿ ಶಿಫಾರಸು ಮಾಡಬಹುದು. ಅವಳಿಗೆ ಮೊದಲೇ ಸಲ್ಲಬೇಕಾದ ರಜೆಯ ಮೇಲೆ ಸಿಗುವ ರಜೆ ಇದು. ಅವಳ ಖಾತೆಯಿಂದ ಒಂದು ದಿನವನ್ನೂ ಕಳೆಯುವಂತಿಲ್ಲ. ಅವಳನ್ನೋ ಆರೋಪಿಯನ್ನೋ ಬೇರೆ ಕಡೆಗೆ ವರ್ಗಾಯಿಸಿ ಎಂದೂ ಸಮಿತಿ ಹೇಳಬಹುದು. ಸಮಿತಿ ಹೇಳಿದ್ದನ್ನು ಮಾಲೀಕರು ಜಾರಿಗೆ ತಂದು ವರದಿ ಕೊಡಬೇಕು.

ಆದರೆ ನಡೆಯುವುದೇನು? ವರ್ಗವಾಗುವವಳು ಅವಳೇ. 'ನಿನ್ನ ಒಳ್ಳೆಯದಕ್ಕೇ ಅಮ್ಮಾ' ಎಂದು ಹೇಳಿ, ಅವಳು ಕೇಳದಿದ್ದರೂ ದೂರದ ಘಟಕಕ್ಕೆ ಕಳಿಸುತ್ತಾರೆ. ಆರೋಪಿ ಅದೇ ಕುರ್ಚಿಯಲ್ಲಿ ಕೂತಿರುತ್ತಾನೆ.

ಪೀಣ್ಯ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಮದ್ದೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳನ್ನೇ ತೆಗೆದುಕೊಳ್ಳಿ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಲೈನ್ ನೋಡಿಕೊಳ್ಳುವ ಸೂಪರ್‌ವೈಸರುಗಳಲ್ಲಿ ಬಹಳ ಮಂದಿ ಗಂಡಸರು. ವರ್ಷಗಟ್ಟಲೆ ಕಾಲರು ಕೂರಿಸಿ ಕೈ ಪಳಗಿದ ಟೈಲರ್ ಒಬ್ಬಳು ರಜೆ ಮುಗಿಸಿ ಬಂದಳು ಎನ್ನಿ. ಅವಳ ಮೆಷಿನ್‌ನಲ್ಲಿ ಬೇರೆಯವರು ಕೂತಿರುತ್ತಾರೆ. 'ಸದ್ಯಕ್ಕೆ ಅಲ್ಲಿ ನಿಂತ್ಕೋ' ಎಂದು ಕೈಗೆ ಪುಟ್ಟ ಕತ್ತರಿ ಕೊಟ್ಟು ದಾರ ಕತ್ತರಿಸಲು ಹೆಲ್ಪರುಗಳ ಸಾಲಿಗೆ ಕಳಿಸುತ್ತಾರೆ. ಅಥವಾ ಮೆಷಿನ್ ಕೊಟ್ಟು, ಕೈ ಇನ್ನೂ ಹಿಡಿತಕ್ಕೆ ಬರುವ ಮೊದಲೇ ಪೂರ್ತಿ ಟಾರ್ಗೆಟ್ ಕೇಳಿ, ಎಲ್ಲರೆದುರು ಕೂಗುತ್ತಾರೆ. ತಿಂಗಳ ಕೊನೆಗೆ ನೋಡಿದರೆ ಹಾಜರಿ ಭತ್ಯೆ ಇಲ್ಲ. ಯಾರೂ ಅವಳಿಗೆ ಕೆಲಸ ಬಿಡು ಎಂದಿಲ್ಲ, ಕಾಗದದಲ್ಲಿ ಎಲ್ಲವೂ ಸರಿಯಿದೆ. ಇದನ್ನು ನಾನು ಸೇಡು ಎಂದೇ ಕರೆಯುತ್ತೇನೆ. ದೂರು ಕೊಟ್ಟವರನ್ನೂ ಸಾಕ್ಷಿಗಳನ್ನೂ ಹೀಗೆ ಗುರಿಮಾಡಬಾರದು ಎಂದು ವಿಶಾಖಾ ತೀರ್ಪೇ ಹೇಳಿದೆ.

ಮೇಲಿನ ಹುದ್ದೆಯಲ್ಲಿರುವವರೇ, ಅವಳು ಬರುವ ಮೊದಲು ಫೋನ್ ಮಾಡಿ ಕೇಳಿ: ಯಾವ ಪಾಳಿ ಬೇಕು, ಯಾರ ಕೈಕೆಳಗೆ ಕೆಲಸ ಮಾಡಲು ಕಷ್ಟ, ಯಾವ ಬಸ್ಸಿನಲ್ಲಿ ಬರುತ್ತಾಳೆ. ಆರೋಪಿ ಅವಳ ಕೆಲಸದ ಬಗ್ಗೆ ವರದಿ ಬರೆಯದಂತೆ ತಡೆದು, ಆ ಹೊಣೆಯನ್ನು ಬೇರೆ ಅಧಿಕಾರಿಗೆ ಒಪ್ಪಿಸಲು ಕಾಯ್ದೆಯ ನಿಯಮಗಳಲ್ಲೇ ಅವಕಾಶವಿದೆ, ಬಳಸಿಕೊಳ್ಳಿ. ಸಮಿತಿಯ ಸದಸ್ಯರ ಹೆಸರು ನೋಟಿಸ್ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತಿದೆಯೇ ನೋಡಿ. ಹತ್ತು ಜನರಿರುವ ಕಡೆಯೂ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಚಿಕ್ಕ ಅಂಗಡಿ, ಕ್ಲಿನಿಕ್ಕುಗಳಲ್ಲಿ ದುಡಿಯುವವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮಾಲೀಕನ ಮೇಲೆಯೇ ದೂರಿದ್ದರೂ ಅಲ್ಲಿಗೇ ಹೋಗಬೇಕು. ಇದು ನಿಮ್ಮ ಬೀದಿಯ ಅಂಗಡಿಯ ಹುಡುಗಿಗೆ ಗೊತ್ತಿರಲಾರದು, ನೀವೇ ತಿಳಿಸಿ.

ಪಕ್ಕದ ಮೆಷಿನ್, ಪಕ್ಕದ ಮೇಜಿನಲ್ಲಿರುವವರಿಗೆ ನನ್ನ ಮನವಿ ಇನ್ನೂ ದೊಡ್ಡದು. 'ಏನಾಯ್ತಂತೆ?' ಎಂದು ಕೇಳಬೇಡಿ. ಸಮಿತಿಯ ಮುಂದೆ ಅದನ್ನು ಹೇಳಿ ಹೇಳಿ ಅವಳು ಸುಸ್ತಾಗಿರುತ್ತಾಳೆ. ದೂರುದಾರಳ ಗುರುತು, ವಿಚಾರಣೆಯ ವಿವರ ಹೊರಬೀಳಬಾರದೆಂದು ಕಾಯ್ದೆಯ 16ನೇ ಕಲಂ ಹೇಳುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವಳ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಮಧ್ಯಾಹ್ನದ ಊಟಕ್ಕೆ ಡಬ್ಬಿ ಬಿಚ್ಚುವಾಗ ಮೊದಲಿನಂತೆ 'ಬಾರಕ್ಕಾ' ಎಂದು ಕರೆಯಿರಿ. ಕಣ್ಣಾರೆ ಕಂಡದ್ದಿದ್ದರೆ ಸಮಿತಿಯ ಮುಂದೆ ಹೇಳಿ. ಗಂಡಸರಿಗೂ ಇದೇ ಮಾತು. 'ನಮಗ್ಯಾಕೆ' ಎಂದು ದೂರ ಸರಿಯುವ ಒಳ್ಳೆಯ ಗಂಡಸರ ಮೌನದಿಂದಲೇ ಅವಳು ಒಂಟಿಯಾಗುತ್ತಾಳೆ.

ಮನೆಯವರೇ, 'ಮರ್ಯಾದೆ ಮುಖ್ಯ, ಬಿಟ್ಟುಬಿಡು' ಎನ್ನಬೇಡಿ. ಮರ್ಯಾದೆ ಕಳೆದುಕೊಂಡವನು ಕಿರುಕುಳ ಕೊಟ್ಟವನು. ಮೊದಲ ವಾರ ಸಾಧ್ಯವಾದರೆ ಗೇಟಿನವರೆಗೆ ಜತೆಗೆ ಹೋಗಿ ಬನ್ನಿ. ಸಂಜೆ ಬಂದಾಗ ಅವಳು ಮಾತಾಡದಿದ್ದರೆ ಒತ್ತಾಯ ಮಾಡಬೇಡಿ.

ನಿಮ್ಮ ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಶಾಲೆಯಲ್ಲಿ ಇಂಥ ರಜೆಯ ಮೇಲಿರುವವರು ಈಗ ಇದ್ದಾರೆಯೇ? ಹಾಗಿದ್ದರೆ ಅವರು ಬರುವ ದಿನ ಅವರ ಮೆಷಿನ್, ಅವರ ಮೇಜು, ಅವರ ತರಗತಿ ಅವರಿಗೇ ಸಿಗುವಂತೆ ಇವತ್ತೇ ಹೋಗಿ ಮೇಲಿನವರನ್ನು ಕೇಳಿ. ಒಬ್ಬರೇ ಹೋಗಲು ಅಳುಕಿದ್ದರೆ ನಾಲ್ಕು ಜನ ಸೇರಿ ಹೋಗಿ.