ಹದಿನೈದು ಅಂದ್ರೆ ಯಾವ ಹದಿನೈದು?

ಮೊದಲೇ ಹೇಳಿಬಿಡ್ತೀನಿ, ನಾನು ಹೊಗೆ ಎಳೆಯುವವನಲ್ಲ. ಹಳೇ ಪೈಪುಗಳ ಹುಚ್ಚು ಹತ್ತಿದ್ದು ಅವುಗಳ ಮೇಲಿನ ಅಕ್ಷರಗಳಿಂದ. ತಂಬಾಕು ತುಂಬುವ ಬಟ್ಟಲಿಗೂ ಬಾಯಿಗಿಡುವ ಕಪ್ಪು ಕೊಳವೆಗೂ ನಡುವೆ ಮರದ ಕತ್ತು ಇರುತ್ತಲ್ಲ, ಷ್ಯಾಂಕ್ ಅಂತಾರೆ, ಅದರ ಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರಗಳಲ್ಲಿ ಪೈಪಿನ ಜಾತಕವೇ ಒತ್ತಿರುತ್ತೆ. ತಯಾರಕರ ಹೆಸರು, ಊರು, ದೇಶ, ಪೇಟೆಂಟ್ ಸಂಖ್ಯೆ, ಅದೃಷ್ಟ ಇದ್ರೆ ವರ್ಷವೂ. ಈ ಜಾತಕ ಓದುವ ಹೆಸರಲ್ಲಿ ನಡೀತಿರೋ ವ್ಯವಹಾರದ ಬಗ್ಗೆ ನನಗೊಂದು ತಕರಾರಿದೆ.

ನಾನೇ ಟೋಪಿ ಹಾಕಿಸಿಕೊಂಡ ಕಥೆಯಿಂದ ಶುರು ಮಾಡ್ತೀನಿ. ಎರಡು ವರ್ಷದ ಹಿಂದೆ ವಿದೇಶದ ಮಾರಾಟಗಾರನೊಬ್ಬನಿಂದ ಆನ್‌ಲೈನಲ್ಲಿ ಒಂದು ಡನ್‌ಹಿಲ್ ಪೈಪ್ ಕೊಂಡೆ. 1935ರದ್ದು, ಅಪರೂಪ ಅಂತ ಬರೆದಿದ್ದ. ಆಧಾರ? ‘ಮೇಡ್ ಇನ್ ಇಂಗ್ಲೆಂಡ್’ ಪಕ್ಕದಲ್ಲಿದ್ದ 15 ಅನ್ನೋ ಅಂಕಿ. ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ ದುಡ್ಡು ಹೋಯ್ತು. ಪೈಪ್ ಬಂತು, ಭೂತಗನ್ನಡಿ ಹಿಡಿದೆ, ಹೊಟ್ಟೆ ತಣ್ಣಗಾಯ್ತು.

ಯಾಕೆ ಅಂತ ಕೇಳಿ. ಡನ್‌ಹಿಲ್‌ನವರ ಅಂಕಿ ಲೆಕ್ಕ ಶುರುವಾಗಿದ್ದು 1920ರ ದಶಕದಲ್ಲಿ. ಆ ಲೆಕ್ಕದಲ್ಲಿ ಅಂಕಿಯನ್ನು 1920ಕ್ಕೆ ಕೂಡಿಸಿದರೆ 15 ಅಂದ್ರೆ 1935. ಆದರೆ ಮುಂದೆ ಅದೇ ಕಂಪನಿ 1960ರಿಂದ ಹೊಸದಾಗಿ ಎಣಿಸೋಕೆ ಶುರು ಮಾಡ್ತು. ಆಗ 15 ಅಂದ್ರೆ 1975. ಅಂಕಿ ಅದೇ, ನಡುವೆ ನಲವತ್ತು ವರ್ಷ. ಹಾಗಾದ್ರೆ ಯಾವ ಹದಿನೈದು? ಅದನ್ನು ಅಂಕಿ ಹೇಳಲ್ಲ, ಅಕ್ಕಪಕ್ಕದವರು ಹೇಳ್ತಾರೆ. ನನ್ನ ಪೈಪಿನ ಮೇಲೆ ಪುಟ್ಟ ವೃತ್ತದೊಳಗೆ 4, ಅದರ ಪಕ್ಕ ‘ಎ’ ಅಂತ ಇತ್ತು. ವೃತ್ತದ ಅಂಕಿ ಪೈಪಿನ ಗಾತ್ರ, ‘ಎ’ ಅಂದ್ರೆ ಕಡುಗೆಂಪು ‘ಬ್ರುಯೇರ್’ ಬಣ್ಣ. ಈ ಪದ್ಧತಿ ಬಂದಿದ್ದೇ 1950ರ ದಶಕದಲ್ಲಿ. ಮೂವತ್ತರ ದಶಕದ ಪೈಪಾಗಿದ್ರೆ ಸಾಮಾನ್ಯವಾಗಿ ಕಾಣಬೇಕಿದ್ದ 417574/34 ಅನ್ನೋ ಪೇಟೆಂಟ್ ಸಂಖ್ಯೆಯ ಸುಳಿವೂ ಇರಲಿಲ್ಲ. ಇನ್ನೇನು ಬೇಕು? ನನ್ನ ‘1935’ ಹುಟ್ಟಿದ್ದು 1975ರಲ್ಲಿ.

ಮಾರಾಟಗಾರನಿಗೆ ಬರೆದೆ. ಉತ್ತರ: “ಅಂಕಿಯಂತೂ ಇದೆಯಲ್ಲ ಸರ್.”

ಇದೇ ನನ್ನ ತಕರಾರು. ಅಂಕಿ ಇದೆ, ನಿಜ. ಆದರೆ ಒಂದು ಗುರುತು ಹಿಡ್ಕೊಂಡು ಉಳಿದವಕ್ಕೆ ಕಣ್ಣು ಮುಚ್ಚೋದು ಓದೋದಲ್ಲ, ತನಗೆ ಬೇಕಾದ ಸಾಕ್ಷಿಯನ್ನು ಮಾತ್ರ ಕಟಕಟೆಗೆ ಕರೆಯೋದು. ಮತ್ತೆ ಗಮನಿಸಿ, ಈ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ಆಗುತ್ತೆ. 1935ರ ಪೈಪನ್ನು ಅಪ್ಪಿತಪ್ಪಿ 1975ರದ್ದು ಅಂತ ಮಾರಿದವರನ್ನು ನಾನಂತೂ ನೋಡಿಲ್ಲ.

ಬೆಳ್ಳಿಯ ವಿಷಯದಲ್ಲೂ ಇದೇ ಆಟ. ಚಿನ್ನದಂಗಡಿಯಲ್ಲಿ ಆರು ಅಕ್ಷರದ ಎಚ್‌ಯುಐಡಿ ಇದೆಯಾ ಅಂತ ಮೊಬೈಲ್ ಹಿಡಿದು ಹುಡುಕುವ ನಾವು, ಪೈಪಿನ ಕತ್ತಿನ ಪಟ್ಟಿಯ ಮೇಲೆ ಮೂರು ಪುಟ್ಟ ಚಿತ್ರ ಕಂಡ್ರೆ ಸಾಕು, ‘ಹಾಲ್‌ಮಾರ್ಕ್!’ ಅಂತ ಕರಗಿಬಿಡ್ತೀವಿ. ಡಬ್ಲಿನ್ನಿನ ಪೀಟರ್ಸನ್ ಪೈಪುಗಳ ನಿಕ್ಕಲ್ ಪಟ್ಟಿಯ ಮೇಲೆ ಶಾಮ್‌ರಾಕ್ ಎಲೆ, ಬೇಟೆನಾಯಿ, ದುಂಡು ಗೋಪುರ ಇರುತ್ತೆ. ಅದು ಐರ್ಲೆಂಡಿನ ಅಲಂಕಾರ, ಹಾಲ್‌ಮಾರ್ಕ್ ಅಲ್ಲ, ಪಟ್ಟಿ ಬೆಳ್ಳಿಯದ್ದೂ ಅಲ್ಲ. ನಿಜವಾದ ಇಂಗ್ಲಿಷ್ ಹಾಲ್‌ಮಾರ್ಕ್‌ನಲ್ಲಿ ಸ್ಟರ್ಲಿಂಗ್ ಬೆಳ್ಳಿಗೆ ನಡೆಯುತ್ತಿರುವ ಸಿಂಹ, ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಜೊತೆಗೆ ವರ್ಷ ಸೂಚಿಸುವ ಒಂದು ಅಕ್ಷರ. ಆ ಅಕ್ಷರವೂ ಮೋಸ ಮಾಡಬಲ್ಲದು. ವರ್ಣಮಾಲೆ ಮುಗಿದ ಮೇಲೆ ಮತ್ತೆ ಮೊದಲಿಂದ ಶುರು, ಬದಲಾಗೋದು ಅಕ್ಷರದ ಶೈಲಿ ಮತ್ತು ಸುತ್ತಲಿನ ಚೌಕಟ್ಟು ಮಾತ್ರ. 1975ಕ್ಕೆ ಮೊದಲು ಲಂಡನ್ ಒಂದು ತಿಂಗಳಲ್ಲಿ, ಬರ್ಮಿಂಗ್‌ಹ್ಯಾಮ್ ಇನ್ನೊಂದು ತಿಂಗಳಲ್ಲಿ ಅಕ್ಷರ ಬದಲಿಸುತ್ತಿದ್ದವು. ಅಂದ್ರೆ ಒಂದು ಅಕ್ಷರ ಎರಡು ಕ್ಯಾಲೆಂಡರ್ ವರ್ಷಕ್ಕೆ ಚಾಚಿಕೊಂಡಿರುತ್ತೆ. ಎಲ್ಲಕ್ಕಿಂತ ಮುಖ್ಯ, ಆ ಅಕ್ಷರ ಬೆಳ್ಳಿಯ ವರ್ಷ ಹೇಳುತ್ತೆ, ಮರದ್ದಲ್ಲ. ಸೀಳು ಬಿಟ್ಟ ಹಳೇ ಕತ್ತಿಗೆ ಆಮೇಲೆ ಹೊಸ ಪಟ್ಟಿ ಹಾಕಿಸಿರಬಹುದು.

ದೇಶದ ಹೆಸರೂ ಅಷ್ಟೇ. ಪೀಟರ್ಸನ್ ಮೇಲೆ ‘ಐರಿಷ್ ಫ್ರೀ ಸ್ಟೇಟ್’ ಅಂತಿದ್ರೆ ಅದು 1922ಕ್ಕಿಂತ ಹಿಂದಿನದ್ದಾಗಲು ಸಾಧ್ಯವಿಲ್ಲ, ಯಾಕಂದ್ರೆ ಆ ದೇಶವೇ ಇರಲಿಲ್ಲ. ಆದರೆ 1937ರಲ್ಲಿ ಹೆಸರು ಬದಲಾದ ತಕ್ಷಣ ಕೆಲಸಗಾರ ಹಳೇ ಅಚ್ಚನ್ನು ಕಸದ ಬುಟ್ಟಿಗೆ ಎಸೆದ ಅಂತ ನಂಬೋದು ಹೇಗೆ? ಅಚ್ಚು ಸವೆಯೋವರೆಗೆ ಒತ್ತೋದು ಎಲ್ಲ ಕಾರ್ಖಾನೆಯ ಬುದ್ಧಿ. ಅಂದ್ರೆ ಗುರುತು ‘ಇದಕ್ಕಿಂತ ಹಳೆಯದಲ್ಲ’ ಅಂತ ಗಟ್ಟಿಯಾಗಿ ಹೇಳುತ್ತೆ, ‘ಇದೇ ವರ್ಷ’ ಅಂತ ಹೇಳೋದು ಅಪರೂಪ. ಹಾಗಾಗಿ ಒಂದೇ ಒಂದು ನಿಯಮ ನೆನಪಿಡಿ: ಮೂಲ ಮರದ ಮೇಲಿನ ಅತಿ ಹೊಸ ಗುರುತಿಗಿಂತ ಪೈಪ್ ಹಳೆಯದಾಗಿರಲು ಸಾಧ್ಯವಿಲ್ಲ.

ಇನ್ನು ಪಾಲಿಶ್ ಶೂರರ ಬಗ್ಗೆ ಒಂದು ಮಾತು. ಹಳೇ ಪೈಪ್ ಸಿಕ್ಕ ಕೂಡಲೇ ಮೋಟಾರ್ ಚಕ್ರಕ್ಕೆ ಕೊಟ್ಟು ಕನ್ನಡಿಯಂತೆ ಹೊಳೆಸೋರು ಇದ್ದಾರೆ. ಹೊಳಪು ಬರುತ್ತೆ, ಅಕ್ಷರ ಹೋಗುತ್ತೆ. ಆಮೇಲೆ ಉಳಿದ ಅರ್ಧ ಅಂಕಿಯನ್ನು ಯಾರು ಹೇಗೆ ಬೇಕಾದ್ರೂ ಓದಬಹುದು. ಸಾಕ್ಷಿಯ ನಾಲಿಗೆ ಕತ್ತರಿಸಿ ಅವನ ಮೌನಕ್ಕೆ ಬೆಲೆ ಕಟ್ಟಿದ ಹಾಗೆ.

“ಅಯ್ಯೋ, ಒಂದು ಮರದ ತುಂಡಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ?” ಅಂತ ಆಫೀಸಿನ ಗೆಳೆಯ ಕೇಳಿದ. “ನೀನೂ 1935 ಅಂತಲೇ ಮಾರಿಬಿಡು ಮಾರಾಯ, ದುಡ್ಡು ವಾಪಸ್ ಬರುತ್ತೆ.” ಸುಳ್ಳು ಹೇಳಲ್ಲ, ಒಂದು ವಾರ ಯೋಚಿಸಿದೆ. ಫೋಟೊನೂ ತೆಗೆದೆ. ವೃತ್ತದ 4 ಕಾಣದ ಹಾಗೆ ಬೆಳಕು ಹೊಂದಿಸ್ತಾ ಇದ್ದಾಗ ನನಗೇ ನಾಚಿಕೆಯಾಯ್ತು. ನನಗೆ ಮಾರಿದವನೂ ಬಹುಶಃ ಇದೇ ಜಾಗದಲ್ಲಿ ನಿಂತಿದ್ದ. ಅವನಿಗೂ ಯಾರೋ ಮಾರಿದ್ದರೇನೋ. ಸುಳ್ಳು ತಾರೀಕು ಹೀಗೆಯೇ ಕೈಯಿಂದ ಕೈಗೆ ದಾಟಿ, ನಾಲ್ಕನೇ ಕೈಗೆ ಬರುವಾಗ ‘ಪುರಾವೆ’ ಆಗಿಬಿಡುತ್ತೆ. ನಾಳೆ ಇನ್ಯಾರೋ ತಮ್ಮ ಪೈಪನ್ನು ನನ್ನ ಫೋಟೊ ಜೊತೆ ಹೋಲಿಸಿ ‘1935’ ಅಂತಾರೆ. ನಷ್ಟ ನನ್ನೊಬ್ಬನದಾಗಿ ಉಳಿಯಲ್ಲ.

ಇಷ್ಟಕ್ಕೂ 1975 ಅಂದ್ರೆ ಅವಮಾನವಾ? ಲಂಡನ್ನಿನ ಯಾವನೋ ಕೆಲಸಗಾರ ಆ ವರ್ಷ ಒಂದು ಬ್ರಯರ್ ತುಂಡನ್ನು ಕೊರೆದು, ಉಜ್ಜಿ, ಕೊನೆಗೆ 15 ಅಂತ ನೇರವಾಗಿ ಒತ್ತಿದ. ಅವನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ಓದಿದ ನಾವು.

ಮಾರುವವರಿಗೆ ನನ್ನದು ಸಣ್ಣ ಬೇಡಿಕೆ: ಕತ್ತಿನ ಎರಡೂ ಬದಿಯ ಸ್ಪಷ್ಟ ಫೋಟೊ ಹಾಕಿ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಕೊಳ್ಳುವವರಿಗೆ: ಫೋಟೊ ಇಲ್ಲದಿದ್ರೆ ಕೊಳ್ಳಬೇಡಿ. ನನ್ನ ಪೈಪ್ ಈಗ ಪುಸ್ತಕದ ಶೆಲ್ಫಿನ ಮೇಲಿದೆ, ಪಕ್ಕದಲ್ಲೊಂದು ಚೀಟಿ ಇಟ್ಟಿದ್ದೀನಿ. ‘1975’ ಅಂತ ಬರೆದು, ಯಾಕೆ ಅಂತ ಮೂರು ಸಾಲು ಸೇರಿಸಿದ್ದೀನಿ. ಆ ಬೆಲೆಗೆ ಬೇಕು ಅಂದ್ರೆ ಹೇಳಿ, ಕೊಡ್ತೀನಿ. ಚೀಟಿ ಸಮೇತ.