ಬಂದರಿನವರ ಕಪ್ಪು-ಬಿಳುಪು

ಆಟದ ಅಂಗಿಯ ಮೇಲಿನ ನಾಲ್ಕಾರು ಬಿಳಿಯ ಪಟ್ಟೆಗಳಿಗಾಗಿ ಎರಡು ನಗರಗಳ ಎರಡು ದೊಡ್ಡ ಕ್ಲಬ್ಬುಗಳು ಕಾಲು ಶತಮಾನದಷ್ಟು ಕಾಲ ಹಗ್ಗಜಗ್ಗಾಡಿದುವೆಂದರೆ ಹೊರಗಿನವರಿಗೆ ನಗು ಬಂದೀತು. ಆದರೆ ದಕ್ಷಿಣ ಆಸ್ಟ್ರೇಲಿಯದ ರಾಜಧಾನಿಯಾದ ಅಡಿಲೇಡಿನಲ್ಲಿ, ಅದರಲ್ಲೂ ಆ ನಗರದ ಬಂದರು ಪ್ರದೇಶದಲ್ಲಿ, ಇದು ನಗುತ್ತ ಆಡುವ ಮಾತಲ್ಲ. ಅಲ್ಲಿ ಕ್ಲಬ್ಬಿನ ಅಂಗಿಯೆಂದರೆ ಮನೆತನದ ಹೆಸರಿದ್ದಂತೆ. ಅಜ್ಜ ತೊಟ್ಟದ್ದು, ಅಪ್ಪ ತೊಟ್ಟದ್ದು, ಮಗ ತೊಡಲು ಹಂಬಲಿಸುವುದು. ಅದನ್ನು ಕಳೆದುಕೊಂಡವರು ಪೋರ್ಟ್ ಅಡಿಲೇಡ್ ಕ್ಲಬ್ಬಿನವರು. ಸೋತು ಕಳೆದುಕೊಂಡದ್ದಲ್ಲ, ಗೆದ್ದು ಗೆದ್ದು, ಇನ್ನೂ ದೊಡ್ಡ ಅಂಗಳ ಬೇಕೆಂದು ಹೊರಟು ಕಳೆದುಕೊಂಡದ್ದು.

ಫುಟ್‌ಬಾಲ್ ಎಂದೊಡನೆ ಕನ್ನಡ ಓದುಗರ ಕಣ್ಣಿಗೆ ಕಟ್ಟುವ ಆಟ ಇದಲ್ಲ. ಆಸ್ಟ್ರೇಲಿಯದ ಫುಟ್‌ಬಾಲನ್ನು ಕ್ರಿಕೆಟ್ ಮೈದಾನದಂತಹ ಮೊಟ್ಟೆಯಾಕಾರದ ಬಯಲಿನಲ್ಲಿ ಆಡುವರು. ಪಕ್ಷಕ್ಕೆ 18 ಮಂದಿ. ಚೆಂಡೂ ಮೊಟ್ಟೆಯಾಕಾರದ್ದೇ. ಅದನ್ನು ಒದೆಯಬಹುದು, ಅಂಗೈಯಲ್ಲಿಟ್ಟು ಮುಷ್ಟಿಯಿಂದ ಗುದ್ದಿ ಸಾಗಿಸಬಹುದು, ಆಗಾಗ ನೆಲಕ್ಕೆ ಪುಟಿಸುತ್ತ ಹಿಡಿದುಕೊಂಡು ಓಡಬಹುದು. ಎಸೆಯುವುದು ಮಾತ್ರ ಸಲ್ಲದು. ಮೈದಾನದ ಒಂದೊಂದು ಕೊನೆಯಲ್ಲೂ ನಾಲ್ಕು ಕಂಬಗಳಿರುತ್ತವೆ. ನಡುವಣ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೆ 1 ಅಂಕ. ಗುರಿ ತಪ್ಪಿದವನಿಗೂ ಏನಾದರೊಂದು ಕೊಡುವ ಆಟ ಲೋಕದಲ್ಲಿ ಹೆಚ್ಚಿಲ್ಲ. ಈ ಒಂದಂಕದ ಔದಾರ್ಯ ಎಷ್ಟು ಕ್ರೂರವಾಗಬಲ್ಲುದೆಂಬುದನ್ನು ಮುಂದೆ ಕಾಣಬಹುದು.

ಈ ಆಟ ಹುಟ್ಟಿದ್ದು ಮೆಲ್ಬರ್ನಿನಲ್ಲಾದರೂ ಅದಕ್ಕೊಂದು ಆಡಳಿತ ಸಂಘವನ್ನು ಮೊದಲು ಕಟ್ಟಿದವರು ಅಡಿಲೇಡಿನವರು. 1877ರ ಏಪ್ರಿಲ್ ಕೊನೆಯಲ್ಲಿ ಅವರ ಸಂಘ ಸ್ಥಾಪಿತವಾಯಿತು. ಮೆಲ್ಬರ್ನಿನದು ಮೇ ತಿಂಗಳಿನಲ್ಲಿ. ಎರಡು ಮೂರು ವಾರಗಳ ಈ ಹಿರಿತನ ಅಡಿಲೇಡಿನವರಿಗೆ ಸಣ್ಣ ಮಾತಲ್ಲ. ಪೋರ್ಟ್ ಕ್ಲಬ್ಬು ಸಂಘಕ್ಕಿಂತಲೂ ಹಳೆಯದು, 1870ರಲ್ಲಿ ಹುಟ್ಟಿದುದು. ಅದರ ಎದುರಾಳಿಯಾದ ನಾರ್‌ವುಡ್ 1878ರಲ್ಲಿ ತಲೆಯೆತ್ತಿತು; ತಲೆಯೆತ್ತಿದ ವರ್ಷವೇ ಪ್ರಶಸ್ತಿಯನ್ನೂ ಎತ್ತಿಕೊಂಡಿತು. ಅಲ್ಲಿಗೆ ತೃಪ್ತಿಪಡದೆ 1883ರವರೆಗೆ ಒಂದರ ಮೇಲೊಂದರಂತೆ ಆರು ವರ್ಷ ಅದನ್ನು ತನ್ನ ಮನೆಯಲ್ಲೇ ಇರಿಸಿಕೊಂಡಿತು. ಏಳನೆಯ ವರ್ಷ ಅದನ್ನು ಕಸಿದುಕೊಂಡವರು ಪೋರ್ಟಿನವರು. ವೈರದ ಮೊದಲ ಗಂಟು ಬಿದ್ದುದು ಹೀಗೆ.

ಎರಡು ಊರುಗಳ ಬದುಕೂ ಬೇರೆ ಬೇರೆ. ಪೋರ್ಟ್ ಎಂದರೆ ನಗರದ ವಾಯವ್ಯದ ಹಡಗುಕಟ್ಟೆ. ಮೂಟೆ ಹೊರುವವರು, ನಾವಿಕರು, ಕಾರ್ಖಾನೆಯ ಕೆಲಸಗಾರರು ನೆಲೆಸಿದ ಜಾಗ. ನಾರ್‌ವುಡ್ ನಗರದ ಪೂರ್ವದ ಮಗ್ಗುಲಲ್ಲಿ, ಪರೇಡ್ ಎಂಬ ಅಂಗಡಿಬೀದಿಯ ಸುತ್ತ ಬೆಳೆದ ಬಡಾವಣೆ. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಸಂಘದವರು ಒಂದು ನಿಯಮವನ್ನು ತಂದರು: ಆಟಗಾರನು ತಾನು ವಾಸವಾಗಿರುವ ಸೀಮೆಯ ಕ್ಲಬ್ಬಿಗೇ ಆಡಬೇಕು. ಬಲವಾದ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಳ್ಳದಿರಲೆಂದು ಮಾಡಿದ ಏರ್ಪಾಡು ಅದು. ಆದರೆ ಅದರ ನಿಜವಾದ ಫಲ ಬೇರೆಯಾಯಿತು. ಅಂದಿನಿಂದ ಕ್ಲಬ್ಬು ಎಂಬುದು ಆರಿಸಿಕೊಳ್ಳುವ ವಸ್ತುವಾಗಿ ಉಳಿಯದೆ ಹುಟ್ಟಿನೊಡನೆ ಬರುವ ವಸ್ತುವಾಯಿತು. ಮೈದಾನದಲ್ಲಿ ಆಡುತ್ತಿರುವವನು ಎದುರು ಮನೆಯ ಹುಡುಗ. ಅವನು ಬಿದ್ದರೆ ಬೀದಿಗೆ ಬೀದಿಯೇ ಬಿದ್ದಂತೆ.

ನಾರ್‌ವುಡ್ಡಿನವರು ಕಡುನೀಲಿ ಅಂಗಿಗೆ ಕೆಂಪು ಕಾಲುಚೀಲ ತೊಟ್ಟು ‘ಕೆಂಗಾಲಿನವರು’ ಎನಿಸಿಕೊಂಡರು. ಪೋರ್ಟಿನವರು ಹಿಂದೆ ನೀಲಿ ಮತ್ತು ಕಡುಗೆಂಪು ನೇರಳೆಯ ಅಂಗಿಯನ್ನು ತೊಡುತ್ತಿದ್ದರು. ಆಟದ ರಭಸಕ್ಕೂ ಒಗೆತಕ್ಕೂ ಆ ಬಣ್ಣ ನಿಲ್ಲದೆ ಹೋದುದರಿಂದ 1902ರಲ್ಲಿ ಕಪ್ಪು-ಬಿಳುಪಿಗೆ ಬಂದರೆಂದು ಹೇಳುವುದುಂಟು. ಕಪ್ಪು ಅಂಗಿಯ ಮೇಲೆ ಮೇಲಿನಿಂದ ಕೆಳಕ್ಕೆ ಇಳಿದ ಬಿಳಿಯ ಪಟ್ಟೆಗಳು. ಸೆರೆಮನೆಯ ಸರಳುಗಳಂತೆ ತೋರುವ ಈ ಅಂಗಿಗೆ ‘ಸೆರೆಸರಳಿನ ಅಂಗಿ’ ಎಂಬ ಹೆಸರೇ ಬಂದಿತು. ಇಲ್ಲಿಯ ಮಡಿವಾಳ ಹಕ್ಕಿಯ ಹಾಗೆ ಕಪ್ಪು-ಬಿಳುಪು ಮೈಯುಳ್ಳ ಮ್ಯಾಗ್‌ಪೈ ಪಕ್ಷಿ ಅವರ ಲಾಂಛನವಾಯಿತು. ಮಾಸದ ಬಣ್ಣವೆಂದು ಆರಿಸಿಕೊಂಡದ್ದು ಒಂದು ದಿನ ಕೈತಪ್ಪಿ ಹೋದೀತೆಂದು ಆಗ ಯಾರೂ ನೆನೆದಿರಲಾರರು.

ಮುಂದಿನ ಕಥೆಯೆಲ್ಲ ಏಟಿಗೆ ಎದುರೇಟು. 1898ರಲ್ಲಿ ಅತ್ಯುತ್ತಮ ಆಟಗಾರನಿಗೆಂದು ಮಗಾರಿ ಪದಕವನ್ನು ಏರ್ಪಡಿಸಿದಾಗ ಮೊದಲ ಪದಕ ನಾರ್‌ವುಡ್ಡಿನ ಆಲ್ಬಿ ಗ್ರೀನನಿಗೆ ಸಂದಿತು. 1914ರಲ್ಲಿ ಪೋರ್ಟ್ ತಂಡ ವರ್ಷವಿಡೀ ಒಂದು ಪಂದ್ಯವನ್ನೂ ಸೋಲದೆ ಪ್ರಶಸ್ತಿ ಗೆದ್ದು, ಮೆಲ್ಬರ್ನಿನ ವಿಜೇತರಾದ ಕಾರ್ಲ್‌ಟನ್ನರನ್ನೂ ಸೋಲಿಸಿತು. ಎರಡನೆಯ ಮಹಾಯುದ್ಧದಲ್ಲಿ ತರುಣರು ರಣರಂಗಕ್ಕೆ ಹೋಗಿ ಆಟಗಾರರೇ ಸಾಲದಾದಾಗ, 1942ರಿಂದ 1944ರವರೆಗೆ, ನೆರೆಹೊರೆಯ ಕ್ಲಬ್ಬುಗಳು ಜೋಡಿಜೋಡಿಯಾಗಿ ಕೂಡಿ ಆಡಬೇಕಾಯಿತು. ಪೋರ್ಟಿನವರು ವೆಸ್ಟ್ ಟಾರೆನ್ಸಿನೊಡನೆ, ನಾರ್‌ವುಡ್ಡಿನವರು ನಾರ್ತ್ ಅಡಿಲೇಡಿನೊಡನೆ. ಲೋಕವೇ ಉರಿಯುತ್ತಿದ್ದಾಗಲೂ ಪೋರ್ಟ್ ಮತ್ತು ನಾರ್‌ವುಡ್ ಒಂದೇ ಅಂಗಿ ತೊಡಲಿಲ್ಲವೆಂಬುದನ್ನು ಗಮನಿಸಬೇಕು. ಆ ಮೂರು ವರ್ಷಗಳ ಪ್ರಶಸ್ತಿಗಳನ್ನು ಯಾವ ಕ್ಲಬ್ಬೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ. ಕೂಡಿ ಗೆದ್ದದ್ದು ತನ್ನದಲ್ಲವೆಂಬ ಈ ಹಟದಲ್ಲಿ ಒಂದು ಪ್ರಾಮಾಣಿಕತೆಯೂ ಇದೆ.

1950ರಲ್ಲಿ ಫಾಸ್ ವಿಲಿಯಮ್ಸ್ ಎಂಬಾತ ವೆಸ್ಟ್ ಅಡಿಲೇಡ್ ಕ್ಲಬ್ಬನ್ನು ಬಿಟ್ಟು ಪೋರ್ಟಿಗೆ ನಾಯಕನೂ ಶಿಕ್ಷಕನೂ ಆಗಿ ಬಂದ. ಅವನ ಕೈಯಲ್ಲಿ ಪೋರ್ಟ್ ತಂಡ ಗೆಲ್ಲುವುದನ್ನೊಂದು ಕಸುಬನ್ನಾಗಿ ಕಲಿಯಿತು. 1954ರಿಂದ 1959ರವರೆಗೆ ಸತತ ಆರು ಪ್ರಶಸ್ತಿಗಳು. ಅವುಗಳಲ್ಲಿ ಮೊದಲ ಐದು ಅವನವು, ಆರನೆಯದು ಅವನ ನಂತರ ಬಂದ ಜೆಫ್ ಮಾಟ್ಲಿಯ ಕಾಲದ್ದು. ಹಿಂದೆ ನಾರ್‌ವುಡ್ ಗೆದ್ದ ಆರಕ್ಕೆ ಇದು ಸರಿಸಮ. ಏಳನೆಯದು ನಾರ್‌ವುಡ್ಡಿಗೂ ದಕ್ಕಿರಲಿಲ್ಲ. 1960ರಲ್ಲಿ ಪೋರ್ಟಿಗೂ ದಕ್ಕಲಿಲ್ಲ. ಅದೇ ಕಾಲದಲ್ಲಿ ನಾರ್‌ವುಡ್ 1950ರಲ್ಲಿ ಒಮ್ಮೆ ಗೆದ್ದು, ಮುಂದಿನ ಗೆಲುವಿಗಾಗಿ 1975ರವರೆಗೆ ಕಾದು ಕುಳಿತಿತು. ಇಪ್ಪತ್ತೈದು ವರ್ಷವೆಂದರೆ ಮಗನಾಗಿದ್ದವನು ತಂದೆಯಾಗುವ ಕಾಲ.

ಜನ ಈ ಆಟವನ್ನು ಎಷ್ಟು ಹಚ್ಚಿಕೊಂಡಿದ್ದರೆಂಬುದಕ್ಕೆ ಎರಡು ಅಂಕಿಗಳು ಸಾಕು. 1965ರ ಅಂತಿಮ ಪಂದ್ಯದಲ್ಲಿ ಪೋರ್ಟಿನವರು ಸ್ಟರ್ಟ್ ಕ್ಲಬ್ಬನ್ನು 3 ಅಂಕಗಳಿಂದ ಸೋಲಿಸಿದಾಗ ಅಡಿಲೇಡ್ ಓವಲ್ಲಿನಲ್ಲಿ ನೆರೆದಿದ್ದವರು 62,543 ಮಂದಿ. 1976ರಲ್ಲಿ ಅದೇ ಎರಡು ಕ್ಲಬ್ಬುಗಳು ಎದುರಾದಾಗ 66,897 ಮಂದಿ. ಎರಡನೆಯ ಸಲ ಗೆದ್ದವರು ಸ್ಟರ್ಟಿನವರು. ಆ ಪಂದ್ಯ ನಡೆದುದು ಓವಲ್ಲಿನಲ್ಲಲ್ಲ. ಕ್ರಿಕೆಟ್ ಸಂಸ್ಥೆಯವರೊಡನೆ ಒಗ್ಗದೆ ಹೋಗಿ ಫುಟ್‌ಬಾಲಿನವರು ನಗರದಾಚೆ ತಾವೇ ಕಟ್ಟಿಕೊಂಡು 1974ರಿಂದ ಆಡತೊಡಗಿದ ಫುಟ್‌ಬಾಲ್ ಪಾರ್ಕಿನಲ್ಲಿ. ಜಗಳವಾಡಿ ಬೇರೆ ಮನೆ ಮಾಡುವುದು ಅಡಿಲೇಡಿನ ಆಟಗಾರರಿಗೆ ಹೊಸದೇನೂ ಅಲ್ಲ.

ಆ ಸ್ಟರ್ಟ್ ತಂಡವನ್ನು ಪಳಗಿಸಿದ ಜ್ಯಾಕ್ ಓಟಿ ಮೊದಲು ನಾರ್‌ವುಡ್ಡಿನವನೇ. ಅಲ್ಲಿ ಮೂರು ಪ್ರಶಸ್ತಿಗಳನ್ನು ಗೆದ್ದುಕೊಟ್ಟು, ಸ್ಟರ್ಟಿಗೆ ಬಂದು ಏಳನ್ನು ಗೆದ್ದವನು. 1978ರ ಅಂತಿಮ ಪಂದ್ಯಕ್ಕೆ ಬರುವಾಗ ಅವನ ತಂಡ ವರ್ಷದಲ್ಲಿ ಒಂದೇ ಒಂದು ಪಂದ್ಯ ಸೋತಿತ್ತು. ಎದುರಿಗಿದ್ದುದು ನಾರ್‌ವುಡ್. ಸ್ಟರ್ಟಿನವರು ಚೆಂಡನ್ನು 40 ಸಲ ಕಂಬಗಳತ್ತ ಕಳಿಸಿದರು. ನಾರ್‌ವುಡ್ಡಿನವರು 31 ಸಲ. ಆದರೆ ಸ್ಟರ್ಟಿನ ಲೆಕ್ಕದಲ್ಲಿ ಗೋಲುಗಳು 14, ಗುರಿ ತಪ್ಪಿದವು 26. ನಾರ್‌ವುಡ್ಡಿನ ಲೆಕ್ಕದಲ್ಲಿ ಗೋಲುಗಳು 16, ತಪ್ಪಿದವು 15. ಕೂಡಿಸಿ ನೋಡಿದರೆ ನಾರ್‌ವುಡ್ಡಿಗೆ 111, ಸ್ಟರ್ಟಿಗೆ 110. ಗುರಿ ತಪ್ಪಿದವನ ಕೈಗೆ ಇಪ್ಪತ್ತಾರು ಸಲ ಒಂದೊಂದು ಅಂಕವಿತ್ತು ಸಂತೈಸಿದ ಆಟ, ಕೊನೆಗೆ ಒಂದೇ ಅಂಕದಿಂದ ಅವನನ್ನು ಮನೆಗೆ ಕಳಿಸಿತು.

1984ರಲ್ಲಿ ನಾರ್‌ವುಡ್ಡಿನವರು ಮತ್ತೊಂದು ಆಶ್ಚರ್ಯವನ್ನು ತೋರಿಸಿದರು. ಪಟ್ಟಿಯಲ್ಲಿ ಐದನೆಯ ಸ್ಥಾನದಲ್ಲಿದ್ದ ತಂಡ ಪ್ರಶಸ್ತಿ ಗೆದ್ದ ನಿದರ್ಶನ ಅದುವರೆಗೆ ಇರಲಿಲ್ಲ. ಅವರು ಐದನೆಯವರಾಗಿ ಹೊರಟು, ಸೋತರೆ ಮನೆಗೆ ಎಂಬ ಪಂದ್ಯಗಳನ್ನು ಒಂದೊಂದಾಗಿ ದಾಟಿ, ಅಂತಿಮ ಪಂದ್ಯದಲ್ಲಿ ಪೋರ್ಟನ್ನೇ 9 ಅಂಕಗಳಿಂದ ಸೋಲಿಸಿದರು. ಆಗ ಪೋರ್ಟಿನ ಶಿಕ್ಷಕನಾಗಿದ್ದವನು ನಾಲ್ಕು ಸಲ ಮಗಾರಿ ಪದಕ ಪಡೆದ ರಸಲ್ ಎಬರ್ಟ್.

ಇಷ್ಟರಲ್ಲಿ ಹೊರಗಿನ ಗಾಳಿ ಬದಲಾಗಿತ್ತು. ಮೆಲ್ಬರ್ನಿನ ಲೀಗು ತನ್ನ ಊರಿನ ಗಡಿಯನ್ನು ದಾಟಿ 1982ರಲ್ಲಿ ಸಿಡ್ನಿಗೂ 1987ರಲ್ಲಿ ಪರ್ತ್ ಮತ್ತು ಬ್ರಿಸ್ಬೇನುಗಳಿಗೂ ಕೈಚಾಚಿ, 1990ರಲ್ಲಿ ‘ಆಸ್ಟ್ರೇಲಿಯದ ಲೀಗು’ ಎಂದೇ ಹೆಸರು ಬದಲಿಸಿಕೊಂಡಿತು. ಅಡಿಲೇಡಿನ ಒಳ್ಳೆಯ ಆಟಗಾರರು ಹಣಕ್ಕಾಗಿ ಮೆಲ್ಬರ್ನಿಗೆ ಹೊರಟು ಹೋಗುತ್ತಿದ್ದರು. ಆದರೂ ಅಡಿಲೇಡಿನ ಸಂಘ, ಹೊತ್ತು ಕಾದು, ತನಗೆ ಒಪ್ಪುವ ಕರಾರಿನ ಮೇಲೆ ಸೇರುವುದು ಲೇಸೆಂದು ತಡೆದು ನಿಂತಿತ್ತು. ಹತ್ತು ಕ್ಲಬ್ಬುಗಳೂ ಆ ಸಂಘದಲ್ಲಿದ್ದವು, ಪೋರ್ಟೂ ಇತ್ತು.

1990ರ ಜುಲೈ ಕೊನೆಯ ವೇಳೆಗೆ ಗುಟ್ಟು ಹೊರಬಿದ್ದಿತು. ಪೋರ್ಟಿನವರು ಉಳಿದ ಒಂಬತ್ತು ಕ್ಲಬ್ಬುಗಳಿಗೆ ತಿಳಿಸದೆ ತಾವೊಬ್ಬರೇ ದೊಡ್ಡ ಲೀಗನ್ನು ಸೇರಲು ಒಪ್ಪಂದದ ಮಾತುಕತೆ ನಡೆಸಿದ್ದರು. ಅಡಿಲೇಡಿನಲ್ಲಿ ಎದ್ದ ಕೋಪವನ್ನು ಬರಿಯ ಆಟದ ಕೋಪವೆನ್ನಲಾಗದು. ಅವಿಭಕ್ತ ಕುಟುಂಬದಲ್ಲಿ ಹಿರಿಯ ಮಗನೊಬ್ಬ ರಾತ್ರೋರಾತ್ರಿ ಪಾಲುಪತ್ರ ಬರೆಸಿಕೊಂಡುದು ಬೆಳಗ್ಗೆ ತಿಳಿದರೆ ಏಳುವ ಕೋಪ ಅದು. ನಾರ್‌ವುಡ್ಡಿನವರೂ ಗ್ಲೆನೆಲ್ಗಿನವರೂ ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಸಂಘ ಅವಸರ ಅವಸರವಾಗಿ ತನ್ನದೇ ಒಂದು ತಂಡವನ್ನು ಮುಂದೊಡ್ಡಿತು. ಇಡೀ ರಾಜ್ಯದ ಹೆಸರಿನಲ್ಲಿ, ಯಾವ ಕೇರಿಗೂ ಸೇರದ ‘ಅಡಿಲೇಡ್ ಕ್ರೋಸ್’, ಎಂದರೆ ಕಾಗೆಗಳ ತಂಡ. ದೊಡ್ಡ ಲೀಗಿನವರು ಅದನ್ನೇ ಒಪ್ಪಿಕೊಂಡರು. ಆ ವರ್ಷದ ಪ್ರಶಸ್ತಿಯನ್ನು ಗೆದ್ದವರು ಮಾತ್ರ ಪೋರ್ಟಿನವರೇ, ಸೋತವರು ಗ್ಲೆನೆಲ್ಗಿನವರು. ಕೋರ್ಟಿನಲ್ಲಿ ಅವರು, ಮೈದಾನದಲ್ಲಿ ಇವರು.

ಪೋರ್ಟಿನವರ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಊರಿನಲ್ಲಿ ಎದುರಿಲ್ಲದವನು ಹೊರಗೆ ಎದುರಾಳಿಯನ್ನು ಹುಡುಕುವುದು ಸಹಜ. ಮುಳುಗುತ್ತಿರುವ ಹಡಗಿನಲ್ಲಿ ಸಭೆ ಸೇರಿಸುತ್ತ ಕೂರುವುದು ಜಾಣತನವಲ್ಲವೆಂದು ಬಂದರಿನವರಿಗೆ ಅನ್ನಿಸಿದ್ದೀತು. ಅವರು ಅಂದು ಆತುರಪಡದಿದ್ದರೆ 1991ರಲ್ಲೇ ಕಾಗೆಗಳ ತಂಡ ಹುಟ್ಟುತ್ತಿತ್ತೆ ಎಂಬುದೂ ಸಂಶಯ. ತಪ್ಪಿದ್ದರೆ ಹೊರಟದ್ದರಲ್ಲಲ್ಲ, ಗುಟ್ಟಾಗಿ ಹೊರಟದ್ದರಲ್ಲಿ. ನೂರಿಪ್ಪತ್ತು ವರ್ಷ ಬೀದಿಯ ನಡುವೆ ನಿಂತು ಹೊಡೆದಾಡಿದ ಕ್ಲಬ್ಬಿಗೆ ಹಿತ್ತಿಲ ಬಾಗಿಲು ಒಪ್ಪುವಂತಹುದಾಗಿರಲಿಲ್ಲ.

ಪೋರ್ಟಿಗೂ ಕೊನೆಗೆ ಕರೆ ಬಂದಿತು. 1994ರಲ್ಲಿ ರಾಜ್ಯದ ಎರಡನೆಯ ಪರವಾನಗಿ ಅವರಿಗೆ ದೊರೆಯಿತು. ಮೆಲ್ಬರ್ನಿನ ಹಳೆಯ ಫಿಟ್ಜ್‌ರಾಯ್ ಕ್ಲಬ್ಬು ಸಾಲದಲ್ಲಿ ಮುಳುಗಿ 1996ರ ಕೊನೆಗೆ ಬ್ರಿಸ್ಬೇನಿನೊಡನೆ ಬೆರೆತುಹೋದಾಗ ಜಾಗವೂ ತೆರವಾಗಿ, 1997ರಲ್ಲಿ ಪೋರ್ಟಿನ ಪ್ರವೇಶವಾಯಿತು. ಆದರೆ ಬಾಗಿಲಲ್ಲೇ ಒಂದು ತಡೆ. ಕಪ್ಪು-ಬಿಳುಪು ಪಟ್ಟೆಯೂ ಮ್ಯಾಗ್‌ಪೈ ಎಂಬ ಹೆಸರೂ ಆ ಲೀಗಿನಲ್ಲಿ ಮೊದಲೇ ಒಬ್ಬರವಾಗಿದ್ದವು. ಮೆಲ್ಬರ್ನಿನ ಕಾಲಿಂಗ್‌ವುಡ್ಡಿನವರು 1892ರಿಂದಲೂ ಅವೇ ಬಣ್ಣಗಳನ್ನು ತೊಟ್ಟವರು. ನ್ಯಾಯವಾಗಿ ನೋಡಿದರೆ ಪೋರ್ಟಿಗಿಂತ ಹತ್ತು ವರ್ಷ ಹಿರಿಯರು. ಪೋರ್ಟಿನವರು ಕಪ್ಪು-ಬಿಳುಪಿಗೆ ಹಸಿರು ಬೆರೆತ ನೀಲಿಯನ್ನೂ ಬೆಳ್ಳಿಯನ್ನೂ ಸೇರಿಸಿಕೊಂಡು, ‘ಪವರ್’ ಎಂಬ ಹೊಸ ಹೆಸರನ್ನಿಟ್ಟುಕೊಂಡು ಒಳಹೊಕ್ಕರು. ಹಳೆಯ ಅಂಗಿಯೂ ಹಕ್ಕಿಯೂ ಅಡಿಲೇಡಿನ ಲೀಗಿನಲ್ಲಿ, ಬೇರೆ ಕ್ಲಬ್ಬಾಗಿ ಉಳಿದ ತಂಡದೊಡನೆ ಹಿಂದುಳಿದವು. ಹೊಸ ಅಂಗಿಯಲ್ಲಿ 2004ರಲ್ಲಿ ದೊಡ್ಡ ಲೀಗಿನ ಪ್ರಶಸ್ತಿಯೂ ಬಂದಿತು. ಅಷ್ಟು ಹೊತ್ತಿಗೆ ಕಾಗೆಗಳು 1997, 1998ರಲ್ಲಿ ಎರಡು ಸಲ ಗೆದ್ದಾಗಿತ್ತು.

ಹಳೆಯ ಜಿದ್ದು ಈಗ ಎರಡು ಕವಲಾಯಿತು. ಒಂದು, ಪವರ್ ಮತ್ತು ಕಾಗೆಗಳದು. ಅದು 1997ರ ಏಪ್ರಿಲಿನಲ್ಲಿ ಮೊದಲಾಗಿ, ಮೊದಲ ಸಲವೇ ಪೋರ್ಟ್ 11 ಅಂಕಗಳಿಂದ ಗೆದ್ದಿತು. ಇನ್ನೊಂದು, ಮೂಲದ್ದು, ಹಳೆಯ ಮೈದಾನಗಳಲ್ಲಿ ಹಾಗೆಯೇ ನಡೆಯಿತು. 2014ರಿಂದ ಪೋರ್ಟಿನ ಹಳೆಯ ತಂಡ ದೊಡ್ಡ ಕ್ಲಬ್ಬಿನ ಎರಡನೆಯ ತಂಡವಾಗಿ ಆಡತೊಡಗಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಡಿಲೇಡಿನ ಅಂತಿಮ ಪಂದ್ಯದಲ್ಲಿ ಅದನ್ನು 4 ಅಂಕಗಳಿಂದ ಸೋಲಿಸಿದವರು, ಹೇಳಬೇಕಾದುದೇ ಇಲ್ಲ, ನಾರ್‌ವುಡ್ಡಿನವರು.

ಅದೇ ತಿಂಗಳು ಇನ್ನೊಂದು ಸಂಗತಿಯೂ ನಡೆಯಿತು. ದೊಡ್ಡ ಲೀಗಿನ ಒಂದು ನಿರ್ಣಾಯಕ ಪಂದ್ಯದಲ್ಲಿ ಎದುರಾಳಿಯಾದ ರಿಚ್‌ಮಂಡಿನ ಅಂಗಿಗೂ ಪೋರ್ಟಿನ ಅಂಗಿಗೂ ಬಣ್ಣ ಒಂದಕ್ಕೊಂದು ಹೊಂದಿ ಗುರುತು ಸಿಕ್ಕದೆಂದು ಬೇರೆ ಅಂಗಿ ತೊಡಬೇಕಾಗಿ ಬಂದಾಗ, ಪೋರ್ಟಿನವರು ಸೆರೆಸರಳಿನ ಅಂಗಿಯನ್ನೇ ತೊಟ್ಟು ಅಡಿಲೇಡ್ ಓವಲ್ಲಿಗೆ ಇಳಿದರು, ಗೆದ್ದರು. ಮುಂದೆ ಕಾಗೆಗಳೊಡನೆ ಆಡುವ ಪಂದ್ಯಗಳಿಗಾದರೂ ಆ ಅಂಗಿಯನ್ನು ತೊಡಗೊಡಬೇಕೆಂದು ಅವರು ಕೇಳುತ್ತ ಬಂದರು; ಕಾಲಿಂಗ್‌ವುಡ್ ತನ್ನ ಪಟ್ಟನ್ನು ಸುಲಭವಾಗಿ ಸಡಿಲಿಸಲಿಲ್ಲ. 2021ರ ಮೇ ತಿಂಗಳ ಪಂದ್ಯಕ್ಕೆ ಲೀಗಿನ ಅಪ್ಪಣೆ ಸಿಕ್ಕಲಿಲ್ಲ. ಪೋರ್ಟಿನ ಆಟಗಾರರು ಅಂದು ನಿಯಮದ ಅಂಗಿಯನ್ನೇ ತೊಟ್ಟು ಆಡಿದರು, ಕಾಗೆಗಳನ್ನು ಸೋಲಿಸಿದರು, ಮೈದಾನದಿಂದ ಒಳಗೆ ಹೋದರು. ಉಡುಪಿನ ಕೋಣೆಯಲ್ಲಿ ಆ ಅಂಗಿಯನ್ನು ಕಳಚಿ, ಕಪ್ಪು-ಬಿಳುಪು ಪಟ್ಟೆಯ ಹಳೆಯ ಅಂಗಿಯನ್ನು ತೊಟ್ಟುಕೊಂಡು, ಗೆದ್ದಾಗ ಹಾಡುವ ಕ್ಲಬ್ಬಿನ ಹಾಡನ್ನು ಹಾಡಿದರು.