22 ತಿಂಗಳ ತುರ್ತು

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ಸಾಲುಸಾಲಾಗಿ ನಿಂತುಹೋದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಪೈಲಟ್‌ಗಳ ವಿಶ್ರಾಂತಿಗೆ ಬಂದ ಹೊಸ ನಿಯಮದಿಂದ ಹೀಗಾಯಿತು. ಆ ನಿಯಮವೇನು ರಾತ್ರೋರಾತ್ರಿ ಬಂದದ್ದಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ಅದನ್ನು ಹೊರಡಿಸಿದ್ದು 2024ರ ಜನವರಿಯಲ್ಲಿ. ಆ ವರ್ಷದ ಜೂನ್‌ನಿಂದ ಜಾರಿಯಾಗಬೇಕಿತ್ತು. ಕಂಪನಿಗಳು ತಕರಾರು ತೆಗೆದವು, ದಿನಾಂಕ ಮುಂದೆ ಹೋಯಿತು. ವಿಷಯ ದೆಹಲಿ ಹೈಕೋರ್ಟಿನ ಮುಂದೆ ಬಂದ ಮೇಲೆ 2025ರ ಜುಲೈನಲ್ಲಿ ಒಂದು ಕಂತು, ನವೆಂಬರ್‌ನಲ್ಲಿ ಇನ್ನೊಂದು ಕಂತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿಯ ಲೆಕ್ಕ ಬೆಳಗಿನ 5ರ ಬದಲು 6ರ ತನಕ ಹಿಗ್ಗಿತು. ಒಬ್ಬ ಪೈಲಟ್ ರಾತ್ರಿ ಪಾಳಿಯಲ್ಲಿ ವಿಮಾನ ಇಳಿಸಬಹುದಾದ ಸಲ ಆರರಿಂದ ಎರಡಕ್ಕೆ ಬಂತು. ಇದನ್ನು ಓದಿ ಇನ್ನೆಷ್ಟು ಪೈಲಟ್‌ಗಳು ಬೇಕಾದಾರು ಎಂದು ಲೆಕ್ಕ ಹಾಕಲು 22 ತಿಂಗಳು ಸಾಲಲಿಲ್ಲವೇ? ದೇಶದ ಅತಿ ದೊಡ್ಡ ವಿಮಾನ ಕಂಪನಿಗೆ ಲೆಕ್ಕ ಬರುತ್ತಿತ್ತು, ಹಾಕುವ ಮನಸ್ಸಿರಲಿಲ್ಲ.

ಡಿಸೆಂಬರ್ 3ರಿಂದ 5ರ ನಡುವೆ 2,507 ವಿಮಾನಗಳು ರದ್ದಾದವು. ಹುಬ್ಬಳ್ಳಿಯಲ್ಲಿ ಆರತಕ್ಷತೆಗೆ ಬಂದ ನೆಂಟರು ವಧೂವರರನ್ನು ಪರದೆಯ ಮೇಲೆ ನೋಡಿ ಹರಸಿದರು. ದಂಪತಿ ಭುವನೇಶ್ವರದಲ್ಲೇ ಸಿಕ್ಕಿಬಿದ್ದಿದ್ದರು. ಅಷ್ಟಾದ ಮೇಲೆ ಡಿಜಿಸಿಎ ಮಾಡಿದ್ದೇನು? ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಹಾಕಬಾರದು ಎಂಬ ತನ್ನದೇ ಸೂಚನೆಯನ್ನು ಡಿಸೆಂಬರ್ 5ರಂದು ವಾಪಸ್ ಪಡೆಯಿತು. ರಾತ್ರಿ ಪಾಳಿಯ ನಿಯಮದಿಂದ ಇಂಡಿಗೋಗೆ ಫೆಬ್ರುವರಿ 10ರ ತನಕ ವಿನಾಯಿತಿ ಕೊಟ್ಟಿತು. ಸಹಕರಿಸಿ ಎಂದು ಪೈಲಟ್ ಸಂಘಗಳನ್ನು ಕೇಳಿಕೊಂಡಿತು. ಜನವರಿಯಲ್ಲಿ 22.20 ಕೋಟಿ ರೂಪಾಯಿ ದಂಡವನ್ನೇನೋ ಹಾಕಿತು. ತಯಾರಿ ಮಾಡದವನಿಗೆ ಮೊದಲು ವಿನಾಯಿತಿ, ಆಮೇಲೆ ದಂಡ. ಈ ಕ್ರಮ ನೋಡಿದ ಬೇರೆ ಕಂಪನಿಗಳು ಕಲಿಯುವ ಪಾಠ ಯಾವುದೆಂದು ಹೇಳಬೇಕಿಲ್ಲ.

ಕಂಪನಿಗೆ ಬೈಯುವುದು ಸುಲಭ, ಎಲ್ಲರೂ ಬೈದರು. ಇನ್ನು ಪೈಲಟ್‌ಗಳೇ, ನಿಮ್ಮ ಕಡೆ ಬರೋಣ.

ರಜೆಯ ದಿನ ನಸುಕಿನಲ್ಲಿ ಕ್ರೂ ಶೆಡ್ಯೂಲಿಂಗ್‌ನಿಂದ ಫೋನ್. ‘ಕ್ಯಾಪ್ಟನ್, ಒಂದೇ ಒಂದು ಸೆಕ್ಟರ್ ಸಾರ್. ಸ್ಟ್ಯಾಂಡ್‌ಬೈ ಖಾಲಿ. ನೀವು ಬರದಿದ್ದರೆ 180 ಜನ ಗೇಟಿನಲ್ಲೇ ಕೂತಿರುತ್ತಾರೆ.’ ಆ ಕಡೆಯಿಂದ ಮಾತಾಡುವ ಹುಡುಗನೂ ರಾತ್ರಿಯೆಲ್ಲ ನಿದ್ದೆಗೆಟ್ಟವನೇ, ಅವನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಆದರೆ ಆ ಮಾತಿನ ಜಾಣತನ ಗಮನಿಸಿ. ತುರ್ತಿಗೆಂದು ಸ್ಟ್ಯಾಂಡ್‌ಬೈಗೆ ಸಾಕಷ್ಟು ಜನರನ್ನು ಇಡದಿದ್ದದ್ದು ಕಂಪನಿ, ಗೇಟಿನಲ್ಲಿ ಕೂತವರ ಪಾಪ ಮಾತ್ರ ನಿಮ್ಮ ತಲೆಗೆ. ನೀವು ಎದ್ದು ಹೋಗುತ್ತೀರಿ. ಒಬ್ಬರು ಹೆಚ್ಚುವರಿ ಹಾರಾಟದ ಭತ್ಯೆಗೆ, ಇನ್ನೊಬ್ಬರು ಮುಂದಿನ ತಿಂಗಳ ರೋಸ್ಟರ್ ಚೆನ್ನಾಗಿ ಬರಲಿ ಎಂಬ ಆಸೆಗೆ, ಮತ್ತೊಬ್ಬರು ಕ್ಯಾಪ್ಟನ್ ಆಗುವ ಬಡ್ತಿಯ, ಅಂದರೆ ಕಮಾಂಡ್ ಅಪ್‌ಗ್ರೇಡ್‌ನ ಹೊತ್ತಿನಲ್ಲಿ ಹೆಸರು ಕೆಡದಿರಲಿ ಎಂದು. ಸಂಜೆ ಹೋಟೆಲ್ ರೂಮಿನಲ್ಲಿ ಕೂತು ಸಹೋದ್ಯೋಗಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಮ್ಮನ್ನು ಕತ್ತೆಗಳಂತೆ ದುಡಿಸುತ್ತಾರೆ’ ಎಂದು ಬರೆಯುತ್ತೀರಿ. ಫೋನ್ ಎತ್ತದ ಕಿರಿಯನೊಬ್ಬನಿಗೆ ‘ಟೀಮ್ ಸ್ಪಿರಿಟ್ ಇಲ್ಲ’ ಎಂದು ಬುದ್ಧಿ ಹೇಳುವವರೂ ನಿಮ್ಮೊಳಗೇ ಇದ್ದಾರೆ.

ನಿಮ್ಮ ಕಷ್ಟ ಗೊತ್ತಿಲ್ಲದೆ ಹೇಳುತ್ತಿಲ್ಲ. ಕಮಾಂಡರ್ ಕೆಲಸ ಬಿಡಬೇಕಾದರೆ ಒಂದು ವರ್ಷ, ಕೋ-ಪೈಲಟ್ ಆದರೆ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕೆಂಬ ಷರತ್ತು 2017ರಿಂದ ಕೊರಳಿಗೆ ಬಿದ್ದಿದೆ. ತರಬೇತಿಯ ಸಾಲ ಬೇರೆ. ಹಾಗಿದ್ದೂ, ಮಾರಿಕೊಂಡ ಒಂದೊಂದು ರಜೆಯೂ ಕಂಪನಿಯ ಲೆಕ್ಕದಲ್ಲಿ ನೇಮಿಸದ ಒಬ್ಬ ಪೈಲಟ್‌ಗೆ ಸಮ. ಹೀಗೆ ತಿಂಗಳುಗಟ್ಟಲೆ ತೂತು ಮುಚ್ಚಿಕೊಟ್ಟವರು, ಮುಚ್ಚಲು ಬಟ್ಟೆ ಸಾಲದಾದ ದಿನ ಹಡಗು ಮುಳುಗಿತೆಂದು ಅಚ್ಚರಿಪಟ್ಟರೆ ಹೇಗೆ?

ಇನ್ನೊಂದು ಚಾಳಿ ಇದಕ್ಕಿಂತ ಕೆಟ್ಟದ್ದು: ‘ಲಿಮಿಟ್ ಒಳಗೇ ಇದೆಯಲ್ಲ’ ಎನ್ನುವುದು. ಶೆಡ್ಯೂಲಿಂಗ್‌ನವರೂ ಇದನ್ನೇ ಹೇಳುತ್ತಾರೆ, ಪೈಲಟ್‌ಗಳೂ. ಅವರಿಗೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ದುರಂತವನ್ನು ನೆನಪಿಸಬೇಕು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಕ್ಯಾಪ್ಟನ್‌ನ ಡ್ಯೂಟಿ ಕಾಗದದ ಮೇಲೆ ಮಿತಿಯೊಳಗೇ ಇತ್ತು. ಆದರೆ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋದ ಸಿಬ್ಬಂದಿಯೇ ಅದೇ ರಾತ್ರಿ ವಾಪಸ್ ಹಾರಿಸಿಕೊಂಡು ಬಂದಿತ್ತು. ಎರಡು ಗಂಟೆಯಷ್ಟು ಕಾಲದ ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ನೂರು ನಿಮಿಷದಷ್ಟು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರೆಂದು ತನಿಖಾ ವರದಿ ಹೇಳಿತು. ಗೊರಕೆಯೂ ದಾಖಲಾಗಿತ್ತು. ಎದ್ದ ಮೇಲೂ ನಿದ್ದೆಯ ಮಂಪರು ತೀರ್ಮಾನವನ್ನು ಮಂಕಾಗಿಸಿರಬಹುದು ಎಂದಿತು. ಪಕ್ಕದ ಕೋ-ಪೈಲಟ್ ಇಳಿಸಬೇಡಿ, ಮೇಲಕ್ಕೆ ಎತ್ತಿ ಎಂದು ಮತ್ತೆ ಮತ್ತೆ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. ನಸುಕಿನ ಹೊತ್ತು ದೇಹ ಕುಸಿಯುತ್ತದೆ ಎನ್ನುವುದಕ್ಕೆ ಕನ್ನಡ ನಾಡಿಗೆ ಬೇರೆ ಪುರಾವೆ ಬೇಡ. ರಾತ್ರಿಯ ಲೆಕ್ಕವನ್ನು ಬೆಳಗಿನ 6ಕ್ಕೆ ವಿಸ್ತರಿಸಿದ್ದರಲ್ಲಿ ಅರ್ಥವಿದೆ. ಅಂಥ ನಿಯಮವನ್ನೇ ಇಂಡಿಗೋಗಾಗಿ ಎರಡು ತಿಂಗಳು ಬದಿಗಿಟ್ಟು ‘ಪರಿಸ್ಥಿತಿ ಹತೋಟಿಗೆ ಬಂತು’ ಎಂದು ಬೆನ್ನು ತಟ್ಟಿಕೊಂಡರು!

ಕಂಪನಿಗಳು ಮೂರು ತಿಂಗಳಿಗೊಮ್ಮೆ ಆಯಾಸದ ವರದಿ ಸಲ್ಲಿಸಬೇಕೆಂದು ಹೊಸ ನಿಯಮವೇ ಹೇಳುತ್ತದೆ. ಹಾರಲಾರೆ ಎನ್ನಿಸಿದ ದಿನ ಅದನ್ನು ಬರೆದುಕೊಡದೆ ಜ್ವರವೆಂದು ಸಿಕ್ ಲೀವ್ ಹಾಕುತ್ತ ಬಂದರೆ ಆ ವರದಿಯಲ್ಲಿ ಏನಿರುತ್ತದೆ? ಆಯಾಸ ಎಂದೇ ಬರೆಯಿರಿ. ಸಂಘಗಳು ಪತ್ರಿಕಾ ಹೇಳಿಕೆ ಕೊಡುವುದನ್ನು ಸ್ವಲ್ಪ ಕಡಿಮೆ ಮಾಡಿ, ಪ್ರತಿ ಬೇಸ್‌ನಲ್ಲಿ ಈ ತಿಂಗಳು ಸ್ಟ್ಯಾಂಡ್‌ಬೈ ಎಷ್ಟು ಜನ, ರಜೆಯಿಂದ ಎಬ್ಬಿಸಿ ಕರೆಸಿದವರೆಷ್ಟು ಎಂಬ ಲೆಕ್ಕವನ್ನು ಡಿಜಿಸಿಎ ಮುಂದಿಟ್ಟು, ಉತ್ತರ ಬರುವ ತನಕ ಕೇಳುತ್ತಲೇ ಇರಲಿ.